ಕೊನೆಯ ಮೂರು ಗುಂಟೆ

ಮೈಸೂರು

ಪ್ರಿಯ ಮೇಷ್ಟ್ರೇ,

ನಿಮ್ಮ ಪತ್ರ ಬಂತು. ಮೇ ತಿಂಗಳಲ್ಲಿ ನೀವೂ ಅಕ್ಕನೂ ಮಗಳ ಮನೆಗೆ ಹೊರಟಿದ್ದೀರಿ, ಊರು ಅಮೆರಿಕದ ಓರೆಗಾನ್ ರಾಜ್ಯದ ಹಿಲ್ಸ್‌ಬರೊ, ವಾಸ ಆರು ತಿಂಗಳು ಎಂದು ಓದಿ ಸಂತೋಷವಾಯಿತು. ಮಗಳಿಗೆ ಹಸುಗೂಸು, ಅಕ್ಕನಿಗೆ ಬಾಣಂತನ, ಅಳಿಯನಿಗೆ ಕಚೇರಿ, ದೊಡ್ಡ ಮೊಮ್ಮಗನಿಗೆ ಸ್ಕೂಲು, ‘ನನಗೆ ಮಾತ್ರ ಕಿಟಕಿ ಕಾಯುವ ಕೆಲಸ’ ಎಂದು ಕೊನೆಯಲ್ಲಿ ಬರೆದಿದ್ದೀರಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಸಾಗರದ ಹೈಸ್ಕೂಲಿನಲ್ಲಿ ಅಷ್ಟು ವರ್ಷ ಅಕ್ಷಾಂಶ ರೇಖಾಂಶ ಕಲಿಸಿದವರು ಹೋಗಿ ಸೇರುತ್ತಿರುವುದು ಆ ಅಂಕಿಗಳನ್ನೇ ಆಟ ಮಾಡಿಕೊಂಡ ಸೀಮೆಗೆ. ನನ್ನ ತಂಗಿಯ ಮನೆ ಪಕ್ಕದ ಬೀವರ್ಟನ್ನಿನಲ್ಲಿದೆ. ಅಲ್ಲಿಗೆ ಹೋದಾಗಲೆಲ್ಲ ನನ್ನನ್ನು ಹೊರಗೆ ಎಳೆದದ್ದು ಈ ಆಟವೇ. ಮಗಳು ಕೊಡಿಸಿದ ಆಂಡ್ರಾಯ್ಡ್ ಫೋನು ನಿಮ್ಮ ಹತ್ತಿರ ಇದ್ದೇ ಇದೆ. ಇನ್ನು ಒಂದು ಪೆನ್ನು, ಒಂದು ಜೊತೆ ಗಟ್ಟಿ ಶೂ ಇದ್ದರೆ ಆಯಿತು.

ಆಟದ ಹೆಸರು ಜಿಯೊಕ್ಯಾಶಿಂಗ್. ಯಾರೋ ಒಬ್ಬರು ನೀರು ಹೋಗದ ಡಬ್ಬಿಯೊಂದನ್ನು ಪಾರ್ಕಿನಲ್ಲೋ ಕಾಡುದಾರಿಯ ಪಕ್ಕದಲ್ಲೋ ಬಚ್ಚಿಡುತ್ತಾರೆ. ಒಳಗೆ ಒಂದು ಪುಟ್ಟ ಪುಸ್ತಕವಿರುತ್ತದೆ. ಬಚ್ಚಿಟ್ಟ ಜಾಗದ ಅಕ್ಷಾಂಶ ರೇಖಾಂಶಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತಾರೆ. ಯಾರು ಬೇಕಾದರೂ ಹೋಗಿ ಹುಡುಕಬಹುದು. ಸಿಕ್ಕರೆ ಪುಸ್ತಕದಲ್ಲಿ ಹೆಸರು, ತಾರೀಕು ಬರೆದು ಇದ್ದಲ್ಲೇ, ಇದ್ದ ಹಾಗೇ ಇಟ್ಟು ಬರಬೇಕು. ಬಹುಮಾನ ಇಲ್ಲ, ತೀರ್ಪುಗಾರರಿಲ್ಲ. ‘ಇಷ್ಟಕ್ಕೆ ಯಾಕೆ ಅಲೆಯಬೇಕು’ ಎಂದು ಅಕ್ಕ ಕೇಳಿಯೇ ಕೇಳುತ್ತಾರೆ. ಮೊದಲ ಡಬ್ಬಿ ಕೈಗೆ ಸಿಗುವವರೆಗೆ ಉತ್ತರ ಕೊಡಬೇಡಿ.

ಈ ಆಟ ಹುಟ್ಟಿದ್ದು ನೀವು ಹೋಗುತ್ತಿರುವ ಸೀಮೆಯಲ್ಲೇ. ನಿಮ್ಮ ಮಗಳ ಮನೆಯಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಬೀವರ್‌ಕ್ರೀಕ್ ಎಂಬ ಊರು. 2000ದ ಮೇ ತಿಂಗಳ ಮೊದಲ ವಾರ ಅಲ್ಲಿ ಏನಾಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಕರೆ ಗುಂಟೆ ಲೆಕ್ಕ ಗೊತ್ತಿರುವ ನಿಮ್ಮಂಥವರಿಗೆ ಇದರ ರುಚಿ ಹೆಚ್ಚು.

ಜಿಪಿಎಸ್ ಅಮೆರಿಕದ ಸೇನೆ ಕಟ್ಟಿದ ವ್ಯವಸ್ಥೆ. ನಾಗರಿಕರಿಗೆ ಸಿಗುವ ಸಂಕೇತದಲ್ಲಿ ಅವರು ಬೇಕೆಂದೇ ತಪ್ಪು ಬೆರೆಸುತ್ತಿದ್ದರು. ಹಾಗಾಗಿ ನಮ್ಮ ನಿಮ್ಮಂಥವರ ಉಪಕರಣ ತೋರಿಸುವ ಜಾಗ ನೂರು ಮೀಟರಿನವರೆಗೆ ಅತ್ತಿತ್ತ ಆಗುತ್ತಿತ್ತು. ನೂರು ಮೀಟರು ಎಂದರೆ ಅಷ್ಟೇನೂ ಅನ್ನಿಸುವುದಿಲ್ಲ. ಆದರೆ ನೂರು ಮೀಟರು ತ್ರಿಜ್ಯದ ವೃತ್ತ ಹಾಕಿ ನೋಡಿ: ಏಳೂಮುಕ್ಕಾಲು ಎಕರೆ ಬರುತ್ತದೆ. ಏಳೂಮುಕ್ಕಾಲು ಎಕರೆ ಕಾಡಿನಲ್ಲಿ ಡಬ್ಬಿ ಹುಡುಕುವ ಹುಚ್ಚು ಯಾರಿಗಿದೆ? 2000ದ ಮೇ 1ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಆ ಬೆರಕೆ ನಿಲ್ಲಿಸುವ ತೀರ್ಮಾನ ಪ್ರಕಟಿಸಿದರು. ಅಂದಿನ ಮಧ್ಯರಾತ್ರಿಯಿಂದ ಜಗತ್ತಿನ ಜಿಪಿಎಸ್ ಉಪಕರಣಗಳೆಲ್ಲ ಒಮ್ಮೆಗೇ ಚುರುಕಾದವು. ಯಾರೂ ಹೊಸದಾಗಿ ಏನನ್ನೂ ಕೊಳ್ಳಬೇಕಾಗಲಿಲ್ಲ.

ಡೇವ್ ಅಲ್ಮರ್ ಎಂಬ ಕಂಪ್ಯೂಟರ್ ಸಲಹೆಗಾರರಿಗೆ ಇದನ್ನು ಪರೀಕ್ಷಿಸಬೇಕು ಅನ್ನಿಸಿತು. ಮೇ 3ರಂದು ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಬಕೆಟ್ಟನ್ನು ಅರ್ಧ ಹೂತರು. ಒಳಗೆ ಕೆಲವು ಪುಸ್ತಕ, ವಿಡಿಯೊ, ಸಾಫ್ಟ್‌ವೇರು, ಒಂದಿಷ್ಟು ದುಡ್ಡು, ಒಂದು ಚಾಟರಬಿಲ್ಲು, ಒಂದು ಡಬ್ಬಿ ಬೀನ್ಸು. ಆಮೇಲೆ ಉತ್ತರ 45° 17.460, ಪಶ್ಚಿಮ 122° 24.800 ಎಂಬ ಅಂಕಿಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಿ, ಏನಾದರೂ ತೆಗೆದುಕೊಳ್ಳಿ, ಏನಾದರೂ ಇಡಿ ಎಂದು ಬರೆದರು. ಮೂರು ದಿನಗಳೊಳಗೆ ಮೈಕ್ ಟೀಗ್ ಎಂಬವರು ಹುಡುಕಿಕೊಂಡು ಹೋಗಿ ಬಂದೂ ಆಯಿತು. ಜಿಯೊಕ್ಯಾಶಿಂಗ್ ಎಂಬ ಹೆಸರನ್ನು ಆ ತಿಂಗಳ ಕೊನೆಗೆ ಮ್ಯಾಟ್ ಸ್ಟಮ್ ಸೂಚಿಸಿದರು. ಸೆಪ್ಟೆಂಬರಿನಲ್ಲಿ ಸಿಯಾಟಲಿನ ಜೆರೆಮಿ ಐರಿಶ್ ಜಗತ್ತಿನ ಡಬ್ಬಿಗಳನ್ನೆಲ್ಲ ಒಂದೇ ಪಟ್ಟಿಗೆ ತಂದಾಗ ಅದರಲ್ಲಿ ಇದ್ದದ್ದು 75. ಈಗ ಮೂವತ್ತು ಲಕ್ಷಕ್ಕೂ ಮೇಲೆ, ಅಂಟಾರ್ಕ್ಟಿಕಾ ಸೇರಿ ಎಲ್ಲ ಖಂಡಗಳಲ್ಲೂ. ಬಾಹ್ಯಾಕಾಶ ನಿಲ್ದಾಣದ ಒಂದು ಲಾಕರಿಗೂ ಈ ಪಟ್ಟಿಯಲ್ಲಿ ಜಾಗವಿದೆ. 2008ರಲ್ಲಿ ರಿಚರ್ಡ್ ಗ್ಯಾರಿಯಟ್ ಅಲ್ಲಿಗೆ ಹೋದಾಗ ನೋಂದಾಯಿಸಿದ್ದು. ಅದು ನಮ್ಮ ನಡಿಗೆಗೆ ಎಟುಕುವುದಲ್ಲ, ಬಿಡಿ.

ಬೀವರ್‌ಕ್ರೀಕ್‌ನ ಆ ಬಕೆಟ್ಟು ಈಗಿಲ್ಲ. ಅದಿದ್ದ ಜಾಗದಲ್ಲಿ 2003ರಲ್ಲಿ ಒಂದು ಫಲಕ ಹಾಕಿದ್ದಾರೆ, ಪಕ್ಕದಲ್ಲೇ ಹೊಸ ಡಬ್ಬಿಯೂ ಇದೆ. ಒಂದು ಭಾನುವಾರ ಅಳಿಯನನ್ನು ಹೊರಡಿಸಿ. ತಮಾಷೆಯೆಂದರೆ ಮೊದಲ ಡಬ್ಬಿ ಇಂದಿನ ನಿಯಮಗಳ ಪ್ರಕಾರ ನಪಾಸು. ಮಣ್ಣಿನಲ್ಲಿ ಹೂಳುವಂತಿಲ್ಲ, ತಿನ್ನುವ ಪದಾರ್ಥ ಇಡುವಂತಿಲ್ಲ. ಅಲ್ಮರ್ ಎರಡನ್ನೂ ಮಾಡಿದ್ದರು.

ಇನ್ನು ಫೋನಿನ ವಿಷಯ. ಮೊದಲೆಲ್ಲ ಈ ಆಟಕ್ಕೆ ಬೇರೆಯೇ ಉಪಕರಣ ಬೇಕಿತ್ತು. ಹಳದಿ ಬಣ್ಣದ ಗಾರ್ಮಿನ್ ಇಟ್ರೆಕ್ಸ್ ಕೈಯಲ್ಲಿ ಹಿಡಿದು, ಅಂಕಿಗಳನ್ನು ಒಂದೊಂದಾಗಿ ಅದರೊಳಗೆ ಒತ್ತಿ, ಸುಳಿವುಗಳನ್ನು ಮನೆಯಲ್ಲೇ ಕಾಗದಕ್ಕೆ ಇಳಿಸಿಕೊಂಡು ಹೋಗುತ್ತಿದ್ದರು. ಈಗ ನಕ್ಷೆ, ಬಾಣ, ಸುಳಿವು, ಹಿಂದೆ ಹೋದವರು ಬರೆದ ಮಾತು ಎಲ್ಲವೂ ಫೋನಿನಲ್ಲೇ. ದಟ್ಟ ಕಾಡಿಗೂ ದಿನಗಟ್ಟಲೆಯ ಚಾರಣಕ್ಕೂ ಫೋನು ಸಾಲದು ಎನ್ನುವ ಹಳಬರು ಈಗಲೂ ಇದ್ದಾರೆ. ಬ್ಯಾಟರಿಯ ವಿಷಯದಲ್ಲಿ ಅವರ ಮಾತು ನಿಜ. ಹಿಲ್ಸ್‌ಬರೊದ ಪಾರ್ಕುಗಳಿಗೆ ಮಾತ್ರ ಫೋನು ಧಾರಾಳ.

ಆ್ಯಪುಗಳು ಎರಡು ಬಗೆ. ಆಟ ನಡೆಸುವ ಸಿಯಾಟಲಿನ ಕಂಪನಿಯದೇ ಒಂದಿದೆ. ನೋಡಲು ಚಂದ, ಕಲಿಯುವುದು ಸುಲಭ, ಆದರೆ ದುಡ್ಡು ಕಟ್ಟದವರಿಗೆ ಅದರಲ್ಲಿ ತೆರೆದುಕೊಳ್ಳುವುದು ಸುಲಭದ ಡಬ್ಬಿಗಳು ಮಾತ್ರ. ಇನ್ನೊಂದು ಸೀ-ಜಿಯೊ. ಅದು ಸ್ವಯಂಸೇವಕರು ಸೇರಿ ಕಟ್ಟಿ, ಉಚಿತವಾಗಿ ಬಿಟ್ಟಿರುವ ಆಂಡ್ರಾಯ್ಡ್ ಆ್ಯಪು. ತೆರೆ ಸ್ವಲ್ಪ ಗಿಜಿಗಿಜಿ. ನಿಮಗೆ ನಾನು ಹೇಳುವುದು ಇದನ್ನೇ, ಯಾಕೆಂದರೆ ಮನೆಯ ವೈಫೈನಲ್ಲಿ ಡಬ್ಬಿಗಳ ವಿವರವನ್ನೂ ನಕ್ಷೆಯನ್ನೂ ಫೋನಿಗೆ ಇಳಿಸಿಕೊಂಡು ಹೊರಟರೆ ದಾರಿಯಲ್ಲಿ ಡೇಟಾ ಬೇಕಾಗುವುದಿಲ್ಲ. ಜಿಪಿಎಸ್‌ಗೆ ಸಿಮ್ಮೂ ಬೇಡ, ಇಂಟರ್ನೆಟ್ಟೂ ಬೇಡ. ಫೋನು ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ, ಬರೀ ಕೇಳಿಸಿಕೊಳ್ಳುತ್ತದೆ.

ಏನು ಕೇಳಿಸಿಕೊಳ್ಳುತ್ತದೆ ಎಂದರೆ, ಗಂಟೆ ಎಷ್ಟಾಯಿತು ಎಂಬುದನ್ನು. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಒಂದೊಂದು ಉಪಗ್ರಹವೂ ತಾನೆಲ್ಲಿದ್ದೇನೆ, ತನ್ನ ಪರಮಾಣು ಗಡಿಯಾರದಲ್ಲಿ ಸಮಯ ಎಷ್ಟು ಎಂದು ಸಾರುತ್ತಲೇ ಇರುತ್ತದೆ. ಆ ಸಂಕೇತ ಬಂದು ಮುಟ್ಟಲು ಹಿಡಿದ ಕಾಲದಿಂದ ಫೋನು ದೂರ ಲೆಕ್ಕ ಹಾಕುತ್ತದೆ. ಮೂರು ಉಪಗ್ರಹಗಳಿಂದ ಜಾಗ ಸಿಗಬೇಕಿತ್ತು. ಆದರೆ ಫೋನಿನ ಅಗ್ಗದ ಗಡಿಯಾರವನ್ನು ನಂಬುವಂತಿಲ್ಲವಾದ್ದರಿಂದ ಅದರ ತಪ್ಪು ತಿದ್ದಲು ನಾಲ್ಕನೆಯದು ಬೇಕು. ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ ತಪ್ಪಿದರೆ ನೆಲದ ಮೇಲೆ 30 ಸೆಂಟಿಮೀಟರ್ ತಪ್ಪಿದ ಹಾಗೆ. ಐನ್‌ಸ್ಟೀನರ ಸಾಪೇಕ್ಷತೆಯ ಪ್ರಕಾರ ಮೇಲಿನ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೊಸೆಕೆಂಡು ಮುಂದೆ ಓಡುತ್ತದೆ. ಅದನ್ನು ಸರಿದೂಗಿಸದಿದ್ದರೆ ಒಂದೇ ದಿನದಲ್ಲಿ ಲೆಕ್ಕ ಹತ್ತು ಕಿ.ಮೀ. ಆಚೆ ಹೋಗಿರುತ್ತಿತ್ತು. ನಿಮ್ಮ ಸಹೋದ್ಯೋಗಿ ಫಿಸಿಕ್ಸ್ ಮೇಷ್ಟ್ರು ಸಿಕ್ಕರೆ ಹೇಳಿ, ಸಂತೋಷಪಡುತ್ತಾರೆ.

ವಿಮಾನದಲ್ಲಿ ಅರ್ಧ ಭೂಮಿ ದಾಟಿ ಬಂದ ಫೋನಿಗೆ ಯಾವ ಉಪಗ್ರಹ ಎಲ್ಲಿದೆ ಎಂಬ ಅಂದಾಜು ಇರುವುದಿಲ್ಲ. ನೆಟ್‌ವರ್ಕ್ ಇದ್ದರೆ ಆ ಪಂಚಾಂಗವನ್ನು ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಉಪಗ್ರಹದಿಂದಲೇ ಕೇಳಬೇಕು, ಅದು ಸೆಕೆಂಡಿಗೆ 50 ಬಿಟ್ಟಿನ ವೇಗದಲ್ಲಿ ಹೇಳುತ್ತದೆ. ಇಡೀ ಪಂಚಾಂಗ ಮುಗಿಯಲು ಹನ್ನೆರಡೂವರೆ ನಿಮಿಷ. ಆದ್ದರಿಂದ ಮೊದಲ ಸಲ ಹೊರಟಾಗ ಮನೆ ಮುಂದಿನ ಬಯಲಿನಲ್ಲಿ ಸ್ವಲ್ಪ ನಿಂತು, ನಕ್ಷೆ ತೆರೆದು, ಚುಕ್ಕೆ ನಿಮ್ಮ ಕಾಲ ಕೆಳಗೆ ಬಂದ ಮೇಲೆ ಹೆಜ್ಜೆ ಇಡಿ. ಆ್ಯಪು ಅನುಮತಿ ಕೇಳಿದಾಗ ‘ನಿಖರ ಸ್ಥಳ’ ಎಂಬುದನ್ನೇ ಒತ್ತಬೇಕು. ‘ಅಂದಾಜು’ ಒತ್ತಿದರೆ ಅದು ನಿಮ್ಮನ್ನು ಪಕ್ಕದ ಬಡಾವಣೆಯಲ್ಲಿ ಹುಡುಕಿಸುತ್ತದೆ. ಬ್ಯಾಟರಿ ಉಳಿತಾಯದ ಗುಂಡಿಯನ್ನು ಆರಿಸಿಡಿ, ಪವರ್ ಬ್ಯಾಂಕು ಜೇಬಿನಲ್ಲಿರಲಿ. ಅಯಸ್ಕಾಂತದ ಮುಚ್ಚಳವಿರುವ ಫೋನ್ ಕವರು ನಿಮ್ಮದಾದರೆ ತೆಗೆದಿಡಿ, ದಿಕ್ಸೂಚಿಯ ಮುಳ್ಳಿಗೆ ಅದೇ ದೊಡ್ಡ ಶತ್ರು. ಮುಳ್ಳು ಹಾದಿ ತಪ್ಪಿದೆ ಅನ್ನಿಸಿದರೆ ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಕೆಲವು ಸಲ ಆಡಿಸಬೇಕು. ಪಾರ್ಕಿನಲ್ಲಿ ಹಾಗೆ ಮಾಡುವಾಗ ನಾಲ್ಕು ಜನ ನೋಡುತ್ತಾರೆ, ನೋಡಲಿ.

ದಿಕ್ಕಿನ ಮಾತು ಬಂತಲ್ಲ, ಇದು ನಿಮಗೆಂದೇ ಎತ್ತಿಟ್ಟ ವಿಷಯ. ಸಾಗರದಲ್ಲಿ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಅಂತರ ಒಂದು ಡಿಗ್ರಿಯ ಆಸುಪಾಸು. ತರಗತಿಯಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯದೆಯೇ ನಡೆಯುತ್ತದೆ. ಓರೆಗಾನಿನ ಆ ಭಾಗದಲ್ಲಿ ಮುಳ್ಳು ನಿಜವಾದ ಉತ್ತರಕ್ಕಿಂತ ಸುಮಾರು 15 ಡಿಗ್ರಿ ಪೂರ್ವಕ್ಕೆ ವಾಲುತ್ತದೆ. ನಿಮ್ಮ ಹಳೆಯ ಹಿತ್ತಾಳೆ ದಿಕ್ಸೂಚಿಯನ್ನು ನಂಬಿ ನೂರು ಮೀಟರು ನಡೆದರೆ ಇಪ್ಪತ್ತೈದು ಮೀಟರಿಗೂ ಹೆಚ್ಚು ಪಕ್ಕಕ್ಕೆ ಹೋಗಿರುತ್ತೀರಿ. ಫೋನು ಆ ತಿದ್ದುಪಡಿಯನ್ನು ತಾನೇ ಮಾಡಿಕೊಳ್ಳುತ್ತದೆ. ಆದರೂ ಹಿತ್ತಾಳೆಯದನ್ನು ಒಯ್ಯಿರಿ. ಎರಡನ್ನೂ ಅಕ್ಕಪಕ್ಕ ಹಿಡಿದು ಮೊಮ್ಮಗನಿಗೆ ತೋರಿಸಿದರೆ ಅರ್ಧ ಪಾಠ ಅಲ್ಲೇ ಮುಗಿಯುತ್ತದೆ.

ಇನ್ನರ್ಧ ಪಾಠ ಅಂಕಿಗಳಲ್ಲಿದೆ. ಈ ಆಟದಲ್ಲಿ ಡಿಗ್ರಿ ಬರೆದು, ಮಿನಿಟನ್ನು ದಶಮಾಂಶದ ಮೂರು ಸ್ಥಾನದವರೆಗೆ ಬರೆಯುತ್ತಾರೆ, ಸೆಕೆಂಡು ಇರುವುದಿಲ್ಲ. ಅಕ್ಷಾಂಶದ ಒಂದು ಮಿನಿಟು ಒಂದು ನಾಟಿಕಲ್ ಮೈಲಿ, 1,852 ಮೀಟರು. ಆದ್ದರಿಂದ ಕೊನೆಯ ಅಂಕಿ ಒಂದು ಹೆಚ್ಚಾದರೆ ನೀವು ಉತ್ತರಕ್ಕೆ 1.85 ಮೀಟರು, ಎಂದರೆ ಎರಡೂವರೆ ಮೂರು ಹೆಜ್ಜೆ ಹೋಗಿದ್ದೀರಿ. ರೇಖಾಂಶದ ಕೊನೆಯ ಅಂಕಿ ಸಾಗರದಲ್ಲಿ 1.8 ಮೀಟರು, ಹಿಲ್ಸ್‌ಬರೊದಲ್ಲಿ 1.3 ಮೀಟರು. ಧ್ರುವದ ಕಡೆ ಹೋದಂತೆ ರೇಖಾಂಶಗಳು ಹತ್ತಿರವಾಗುತ್ತವೆ ಎಂದು ಗ್ಲೋಬು ತಿರುಗಿಸಿ ಎಷ್ಟು ಬ್ಯಾಚಿಗೆ ಹೇಳಿದ್ದೀರೋ! ಅದನ್ನು ಪಾರ್ಕಿನ ಹುಲ್ಲಿನ ಮೇಲೆ ಕಾಲಿನಲ್ಲಿ ಅಳೆಯಬಹುದು ಎಂಬುದು ನನಗೆ ಹೊಳೆದದ್ದು ಅಲ್ಲಿಗೆ ಹೋದ ಮೇಲೆ.

ಸರಿ, ಬಾಣ ಹಿಡಿದು ಹೊರಟಿರಿ. ದೂರ 200 ಮೀಟರು, 80, 30 ಎಂದು ಇಳಿಯುತ್ತದೆ. 10 ಆಗುವ ಹೊತ್ತಿಗೆ ಬಾಣ ದೇವರು ಮೈಮೇಲೆ ಬಂದವರ ಹಾಗೆ ಸುತ್ತಲು ಶುರುಮಾಡುತ್ತದೆ. ಹೊಸಬರೆಲ್ಲ ಎಡವುವುದು ಇಲ್ಲೇ. ಫೋನು ನೋಡುತ್ತ ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ನಾಲ್ಕು ಹೆಜ್ಜೆ, 3 ಮೀಟರು ಎಂದಾಗ ಹಿಗ್ಗು, 9 ಆದಾಗ ಕುಗ್ಗು. ಫೋನಿನಿಂದ ಅದಕ್ಕೆ ಅಸಾಧ್ಯವಾದದ್ದನ್ನು ಕೇಳುತ್ತಿರುತ್ತಾರೆ.

ಲೆಕ್ಕ ನೋಡಿ. ತೆರೆದ ಆಕಾಶದ ಕೆಳಗೆ ಒಳ್ಳೆಯ ಫೋನಿನ ತಪ್ಪು ಸುಮಾರು 5 ಮೀಟರು. ಅಷ್ಟು ತ್ರಿಜ್ಯದ ವೃತ್ತದ ವಿಸ್ತಾರ ಮುಕ್ಕಾಲು ಗುಂಟೆ. ಆದರೆ ಡಬ್ಬಿ ಬಚ್ಚಿಟ್ಟವರ ಫೋನಿಗೂ ಅಷ್ಟೇ ತಪ್ಪು ಇತ್ತಲ್ಲ? ಅವರದು ಅತ್ತ 5, ನಿಮ್ಮದು ಇತ್ತ 5 ಆದರೆ 10 ಮೀಟರಿನ ವೃತ್ತ, ಮೂರು ಗುಂಟೆಗೆ ಒಂದಿಷ್ಟು ಹೆಚ್ಚು. ಅಲ್ಲಿನ ಡಗ್ಲಸ್ ಫರ್ ಮರಗಳ ಕೆಳಗೆ ಇನ್ನೂ ಹೆಚ್ಚು. ಒದ್ದೆ ಎಲೆ, ದಪ್ಪ ಕಾಂಡ ಸಂಕೇತವನ್ನು ಕುಗ್ಗಿಸುತ್ತವೆ. ಬಂಡೆ, ಗೋಡೆಗಳಿಗೆ ತಾಗಿ ಸುತ್ತಿ ಬರುವ ಸಂಕೇತ ತಡವಾಗಿ ಮುಟ್ಟಿ ದೂರವನ್ನು ಸುಳ್ಳು ಹೇಳುತ್ತದೆ. ಇತ್ತೀಚಿನ ಕೆಲವು ಫೋನುಗಳು ಎರಡು ಆವರ್ತನಗಳಲ್ಲಿ ಕೇಳಿಸಿಕೊಂಡು ಇದನ್ನು ತಕ್ಕಮಟ್ಟಿಗೆ ಸುಧಾರಿಸಿವೆ. ಜೊತೆಗೆ ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೌ ಉಪಗ್ರಹಗಳನ್ನೂ ಅವು ಬಳಸುತ್ತವೆ. ಆದರೂ ಮೂರು ಗುಂಟೆ ಮೂರು ಗುಂಟೆಯೇ. ಏಳೂಮುಕ್ಕಾಲು ಎಕರೆಯಿಂದ ಇಲ್ಲಿಯವರೆಗೆ ಉಪಗ್ರಹ ತಂದು ಬಿಟ್ಟಿದೆ. ಉಳಿದದ್ದು ಕಣ್ಣಿನ ಕೆಲಸ, ಈ ಆಟದ ಸೊಗಸೆಲ್ಲ ಇರುವುದು ಅಲ್ಲೇ. ಒಂದು ಮೀಟರಿಗೆ ಖಚಿತವಾಗಿ ತೋರಿಸುವ ಫೋನು ನಾಳೆ ಬಂದರೆ ಈ ಆಟ ಅಂಚೆ ಡಬ್ಬಿ ತೆರೆದು ಕಾಗದ ತೆಗೆದಷ್ಟು ಸಪ್ಪೆಯಾಗುತ್ತದೆಂದು ನನ್ನ ಹೆದರಿಕೆ.

ಹಳಬರ ಉಪಾಯವೊಂದಿದೆ. ಮೂವತ್ತು ಮೀಟರು ದೂರದಲ್ಲೇ ನಿಂತು, ಬಾಣ ನೆಲೆ ನಿಲ್ಲುವವರೆಗೆ ಕಾದು, ಅದು ತೋರುವ ನೇರದಲ್ಲಿರುವ ಮರವನ್ನೋ ಕಲ್ಲನ್ನೋ ಗುರುತು ಇಟ್ಟುಕೊಳ್ಳಿ. ಆಮೇಲೆ ಸುತ್ತು ಹಾಕಿ ಇನ್ನೊಂದು ದಿಕ್ಕಿನಿಂದ ಹಾಗೇ ಮಾಡಿ. ಎರಡು ಗೆರೆ ಕೂಡುವಲ್ಲಿ ಹುಡುಕಬೇಕು. ಭಾರತವನ್ನು ಅಳೆಯಲು ಹೊರಟ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸರಪಳಿ ಹಿಡಿದು ಅಳತೆ ಶುರುಮಾಡಿದಾಗ ನಂಬಿದ್ದು ಇದೇ ತ್ರಿಕೋನವನ್ನು. ಅವರಿಗೆ ಕೋನ ಅಳೆಯುವ ಥಿಯೊಡೊಲೈಟ್ ಹೊರಲು ಆಳುಗಳಿದ್ದರು, ನಿಮಗೆ ಎಂಟು ವರ್ಷದ ಮೊಮ್ಮಗನಿದ್ದಾನೆ.

ಆಮೇಲೆ ಫೋನನ್ನು ಜೇಬಿಗೆ ಹಾಕಿಬಿಡಿ. ಹಾಕಿ, ‘ನಾನಾಗಿದ್ದರೆ ಎಲ್ಲಿ ಇಡುತ್ತಿದ್ದೆ’ ಎಂದು ಸುಮ್ಮನೆ ಸುತ್ತ ನೋಡಿ. ಕಾಡಿನಲ್ಲಾದರೆ ಮರದ ಬುಡದ ಪೊಟರೆ, ಬಿದ್ದ ದಿಮ್ಮಿಯ ಸಂದಿ, ಯಾರೋ ಜೋಡಿಸಿದ ಹಾಗೆ ಸಾಲಾಗಿ ಬಿದ್ದಿರುವ ತೊಗಟೆ ಚೂರುಗಳು. ಪ್ರಕೃತಿ ಯಾವ ಕಡ್ಡಿಯನ್ನೂ ಅಷ್ಟು ಒಪ್ಪವಾಗಿ ಇಡುವುದಿಲ್ಲ. ಊರೊಳಗಾದರೆ ಬೆಂಚಿನ ಅಡಿಗೆ ಅಂಟಿದ ಅಯಸ್ಕಾಂತದ ಡಬ್ಬಿ, ಬೇಲಿ ಕಂಬದ ಟೊಪ್ಪಿ. ಅಂಗಡಿಗಳ ಮುಂದಿನ ಪಾರ್ಕಿಂಗ್ ಜಾಗದಲ್ಲಿ ಎತ್ತರದ ದೀಪದ ಕಂಬಗಳಿರುತ್ತವೆ. ಅವುಗಳ ಬುಡದ ಬೋಲ್ಟು ಮುಚ್ಚಲು ಲೋಹದ ಚೌಕ ಹೊದಿಕೆ ಇರುತ್ತದೆ, ಅದು ಮೇಲಕ್ಕೆ ಎತ್ತಿದರೆ ಏಳುತ್ತದೆ! ಈ ಸಂಗತಿ ಅಮೆರಿಕದಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನರಿಗೆ ಗೊತ್ತಿಲ್ಲ. ಆಡುವವರಿಗೆಲ್ಲ ಗೊತ್ತು, ಹಾಗಾಗಿ ಅಲ್ಲಿ ಇಡುವುದು ಸೋಮಾರಿಗಳ ಕೆಲಸ ಎಂದು ನನ್ನ ಅಭಿಪ್ರಾಯ. ಡಬ್ಬಿಯ ಗಾತ್ರವನ್ನು ಮೊದಲೇ ಓದಿಕೊಳ್ಳಿ. ಹಳೆಯ ಮಿಲಿಟರಿ ಗುಂಡಿನ ಪೆಟ್ಟಿಗೆಯಷ್ಟು ದೊಡ್ಡವೂ ಇವೆ, ಕ್ಯಾಮೆರಾ ರೀಲಿನ ಡಬ್ಬಿಗಳೂ ಇವೆ, ನ್ಯಾನೊ ಎಂಬವು ಕಿರುಬೆರಳ ತುದಿಯಷ್ಟೇ. ಕನ್ನಡಕ ಮರೆತರೆ ನ್ಯಾನೊ ತಂಟೆಗೆ ಹೋಗಬೇಡಿ. ಹುಡುಕುವ ಕಷ್ಟಕ್ಕೊಂದು, ದಾರಿಯ ಕಷ್ಟಕ್ಕೊಂದು 1ರಿಂದ 5ರವರೆಗೆ ಅಂಕ ಇರುತ್ತದೆ. ದಾರಿ 1 ಎಂದರೆ ಗಾಲಿಕುರ್ಚಿ ಹೋಗುವಂಥದು, 5 ಎಂದರೆ ಹಗ್ಗವೋ ದೋಣಿಯೋ ಬೇಕು. ನಿಮ್ಮ ಮಂಡಿಗೆ ಎರಡರ ಒಳಗಿನವು ಸಾಕು.

ಸಂಖ್ಯೆಯ ಹಿಂದೆ ಬೀಳಬೇಡಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರು, ಎಂದರೆ ಮೈಲಿಯ ಹತ್ತನೆಯ ಒಂದು ಭಾಗ ಇರಬೇಕೆಂಬ ನಿಯಮವಿದೆ. ನೆವಾಡಾದ ಮರುಭೂಮಿಯ ಒಂದು ಹೆದ್ದಾರಿಯಲ್ಲಿ ಆ ನಿಯಮಕ್ಕೆ ಸರಿಯಾಗಿ ಸಾಲಾಗಿ ಸಾವಿರಕ್ಕೂ ಹೆಚ್ಚು ಡಬ್ಬಿ ಇಟ್ಟಿದ್ದಾರೆ. ಜನ ಕಾರಿನಿಂದ ಇಳಿಯುತ್ತಾರೆ, ಎತ್ತುತ್ತಾರೆ, ಸಹಿ ಒತ್ತುತ್ತಾರೆ, ಹತ್ತುತ್ತಾರೆ. ಅವರಿಗೆ ಅದರಲ್ಲಿ ಖುಷಿಯಿದ್ದರೆ ಇರಲಿ.

ಎಚ್ಚರದ ಮಾತು ಎರಡೇ. ಮೊದಲನೆಯದು ಪಾಯ್ಸನ್ ಓಕ್ ಎಂಬ ಗಿಡ. ಒಂದೊಂದು ತೊಟ್ಟಿಗೂ ಮೂರು ಮೂರು ಎಲೆ, ಬಿಸಿಲಿನ ಅಂಚಿನಲ್ಲಿ ಪೊದೆಯಾಗಿ ಬೆಳೆಯುತ್ತದೆ. ನಮ್ಮ ಗೇರಿನ ಕುಟುಂಬದ್ದೇ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಸುಟ್ಟುಕೊಂಡವರು ನಿಮ್ಮ ಕಡೆ ಬೇಕಾದಷ್ಟು ಇದ್ದಾರೆ, ವಿವರಿಸಬೇಕಿಲ್ಲ. ಮೂರೆಲೆ ಕಂಡರೆ ಕೈ ಹಾಕಬೇಡಿ, ಪೂರ್ತಿ ತೋಳಿನ ಅಂಗಿ ಹಾಕಿಕೊಳ್ಳಿ. ಎರಡನೆಯದು ಮನುಷ್ಯರು. ಪರವೂರಿನ ಹಿರಿಯರೊಬ್ಬರು ಮಕ್ಕಳ ಆಟದ ಮೈದಾನದ ಬೇಲಿಯ ಹತ್ತಿರ ಫೋನು ಹಿಡಿದು ಸುಳಿದಾಡುತ್ತಿದ್ದರೆ ನೋಡುವವರಿಗೆ ಅನುಮಾನ ಬರುವುದು ಸಹಜ. ಸಂದಿಯಲ್ಲಿ ಕಂಡ ಡಬ್ಬಿಯನ್ನು ಬಾಂಬೆಂದು ತಿಳಿದು ಪೊಲೀಸರನ್ನು ಕರೆಸಿದ ಪ್ರಸಂಗಗಳೂ ಆ ದೇಶದಲ್ಲಿ ನಡೆದಿವೆ. ಮೊಮ್ಮಗ ಜೊತೆಗಿದ್ದರೆ ಅರ್ಧ ಅನುಮಾನ ತಾನಾಗಿ ಕರಗುತ್ತದೆ. ಯಾರಾದರೂ ಕೇಳಿದರೆ ಮುಚ್ಚುಮರೆ ಬೇಡ, ಜಿಯೊಕ್ಯಾಶಿಂಗ್ ಎಂದು ಹೇಳಿ ಫೋನು ತೋರಿಸಿ. ಆ ಊರಿನಲ್ಲಿ ಬಹಳ ಜನಕ್ಕೆ ಆಟ ಗೊತ್ತು. ಗೊತ್ತಿಲ್ಲದವರನ್ನು ಆಡುವವರು ಹ್ಯಾರಿ ಪಾಟರ್ ಕತೆಯಿಂದ ಎತ್ತಿಕೊಂಡು ‘ಮಗಲ್’ ಎನ್ನುತ್ತಾರೆ. ಮಗಲ್‌ಗಳು ನೋಡುತ್ತಿರುವಾಗ ಡಬ್ಬಿ ತೆಗೆಯಬಾರದು, ಶೂ ದಾರ ಕಟ್ಟುವ ನೆಪದಲ್ಲಿ ಕಾಯಬೇಕು. ಈ ನಾಟಕದಲ್ಲಿ ಹುಡುಗರಿಗೆ ಡಬ್ಬಿಗಿಂತ ಹೆಚ್ಚು ಮಜಾ.

ದೊಡ್ಡ ಡಬ್ಬಿಗಳಲ್ಲಿ ಸಣ್ಣಪುಟ್ಟ ಆಟದ ಸಾಮಾನು ಇರುತ್ತದೆ. ಒಂದನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯದನ್ನೋ ಮೇಲಿನದನ್ನೋ ಇಡಬೇಕು. ಹೋಗುವಾಗ ಚನ್ನಪಟ್ಟಣದ ಪುಟಾಣಿ ಬುಗುರಿಗಳನ್ನು ಒಂದು ಚೀಲ ಒಯ್ಯಿರಿ; ಹಗುರ, ಒಡೆಯುವುದಿಲ್ಲ, ನೋಡಿದ ಮಕ್ಕಳು ಬಿಡುವುದಿಲ್ಲ. ಅಕ್ಕ ಕೊಬ್ಬರಿ ಮಿಠಾಯಿ ಕಟ್ಟಿಕೊಟ್ಟರೆ ಅದು ನಿಮ್ಮ ಜೇಬಿನಲ್ಲೇ ಇರಲಿ, ವಾಸನೆ ಹಿಡಿದು ಬರುವ ರಕೂನ್‌ಗಳು ಡಬ್ಬಿಯನ್ನೇ ಕಚ್ಚಿ ಹಾಳುಮಾಡುತ್ತವೆ. ಅಂಕಿ ಕೆತ್ತಿದ ಲೋಹದ ಬಿಲ್ಲೆ ಕಂಡರೆ ಅದು ಪ್ರಯಾಣಿಕ. ಒಡೆಯರು ಅದಕ್ಕೊಂದು ಗುರಿ ಕೊಟ್ಟಿರುತ್ತಾರೆ, ನೀವು ಮುಂದಿನ ಡಬ್ಬಿಗೆ ದಾಟಿಸಬೇಕು, ಸಾಗರಕ್ಕೆ ಹೊತ್ತು ತರಬೇಡಿ. 2021ರಲ್ಲಿ ಮಂಗಳದ ಮೇಲೆ ಇಳಿದ ನಾಸಾದ ಪರ್ಸಿವಿಯರೆನ್ಸ್ ಗಾಡಿಯ ಮೇಲೂ ಅಂಥದೊಂದು ಗುರುತು ಇದೆ. ಸಹಿಯನ್ನು ಕನ್ನಡದಲ್ಲೇ ಹಾಕಿ. ಪಕ್ಕದಲ್ಲಿ ಆ್ಯಪಿನಲ್ಲಿ ಇಟ್ಟುಕೊಂಡ ಹೆಸರನ್ನೂ ಬರೆಯಿರಿ, ಇಲ್ಲದಿದ್ದರೆ ಡಬ್ಬಿಯ ಒಡೆಯರಿಗೆ ಯಾರೆಂದು ತಿಳಿಯುವುದಿಲ್ಲ. ಸಿಗದೆ ಹೋದರೆ ‘ಸಿಗಲಿಲ್ಲ’ ಎಂದೂ ದಾಖಲಿಸಬೇಕು. ಅಂಥ ಮೂರು ನಾಲ್ಕು ಮಾತು ಒಟ್ಟಾದರೆ ಒಡೆಯರು ಹೋಗಿ ಡಬ್ಬಿ ಇದೆಯೋ ಕಾಣೆಯಾಗಿದೆಯೋ ನೋಡುತ್ತಾರೆ.

ನಮ್ಮಲ್ಲಿ ಯಾಕೆ ಇದು ಅಷ್ಟಾಗಿ ಬೇರು ಬಿಡಲಿಲ್ಲ ಎಂದು ನೀವು ಕೇಳಬಹುದು. ಬೆಂಗಳೂರಿನಲ್ಲಿ ಕೆಲವು ಡಬ್ಬಿಗಳಿವೆ. ಆದರೆ ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಎಂದು ರೈಲು ನಿಲ್ದಾಣದಲ್ಲೂ ಬಸ್ ನಿಲ್ದಾಣದಲ್ಲೂ ಕೇಳುತ್ತ ಬೆಳೆದ ಊರಿನಲ್ಲಿ ಡಬ್ಬಿ ಬಚ್ಚಿಡುವುದು ಸುಲಭವಲ್ಲ. ಮೀಸಲು ಕಾಡಿಗೆ ಅನುಮತಿ ಬೇಕು, ಹಳೆಯ ಗುಡಿ-ಕೋಟೆಗಳಲ್ಲಿ ಕೈ ಹಾಕುವಂತಿಲ್ಲ. ವಿಚಿತ್ರವೆಂದರೆ ದಿಕ್ಕು ತೋರಿಸುವ ವಿದ್ಯೆಯಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ. ಜಿಪಿಎಸ್‌ನಂಥದೇ ಆದ ಇಸ್ರೋದ ನಾವಿಕ್ ವ್ಯವಸ್ಥೆಯ ನ್ಯಾವಿಗೇಶನ್ ಕೇಂದ್ರ 2013ರಿಂದ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲೇ ಇದೆ. ನಿಮ್ಮ ಫೋನಿಗೆ ನಾವಿಕ್ ಕೇಳಿಸುವುದಾದರೂ ಓರೆಗಾನಿನಲ್ಲಿ ಪ್ರಯೋಜನವಿಲ್ಲ. ಅದರ ವ್ಯಾಪ್ತಿ ಭಾರತ ಮತ್ತು ಸುತ್ತಲಿನ 1,500 ಕಿ.ಮೀ.

ಆದರೆ ಈ ಆಟದಲ್ಲಿ ಡಬ್ಬಿಯೇ ಬೇಡದ ಬಗೆಯೊಂದಿದೆ, ಅರ್ತ್‌ಕ್ಯಾಶ್. 2004ರಲ್ಲಿ ಅಮೆರಿಕದ ಭೂವಿಜ್ಞಾನ ಸಂಘ ಶುರುಮಾಡಿದ್ದು. ಒಂದು ಬಂಡೆಯ ಮುಂದೆಯೋ ಜಲಪಾತದ ಮುಂದೆಯೋ ನಿಲ್ಲಿಸಿ, ಅದು ಹೇಗೆ ಆಯಿತೆಂದು ವಿವರಿಸಿ, ಅಲ್ಲೇ ಕಣ್ಣಿನಿಂದ ನೋಡಿ ಹೇಳಬೇಕಾದ ಪ್ರಶ್ನೆ ಕೇಳುತ್ತಾರೆ. ಉತ್ತರ ಬರೆದು ಕಳಿಸಿದರೆ ಸಿಕ್ಕಿದ ಲೆಕ್ಕ. ಲಾಲ್‌ಬಾಗಿನ ಮುನ್ನೂರು ಕೋಟಿ ವರ್ಷ ಹಳೆಯ ಬಂಡೆ ಇಂಥದಕ್ಕೆ ಹೇಳಿ ಮಾಡಿಸಿದ ಜಾಗ. ಜೋಗದ 253 ಮೀಟರಿನ ಕೊರಕಲೂ ಹಾಗೆಯೇ, ನಿಮ್ಮ ಮನೆಯ ಗೋಡೆಗೆ ಬಂದ ಜಂಬಿಟ್ಟಿಗೆ ಕಲ್ಲು ತೆಗೆದ ಕ್ವಾರಿಯೂ ಹಾಗೆಯೇ. ಪ್ರಶ್ನೆಪತ್ರಿಕೆ ತಯಾರಿಸುವುದು ನಿಮಗೆ ಹೊಸದಲ್ಲ. ಆರು ತಿಂಗಳು ಬೇರೆಯವರು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟು ಬನ್ನಿ, ಆಮೇಲೆ ಸಾಗರದ ಪ್ರಶ್ನೆ ನೀವು ಹಾಕುವಿರಂತೆ.

ಜೂನ್ ಮಧ್ಯದ ಹೊತ್ತಿಗೆ ಮೊಮ್ಮಗನ ಸ್ಕೂಲಿಗೆ ರಜೆ ಬರುತ್ತದೆ. ಆಗ ಅಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ, ಊಟ ಮುಗಿಸಿಯೇ ಹೊರಡಬಹುದು. ಜುಲೈ, ಆಗಸ್ಟಿನಲ್ಲಿ ಮಳೆಯ ಕಾಟವಿಲ್ಲ; ಅಕ್ಟೋಬರಿನಲ್ಲಿ ಹಿಡಿಯಿತೆಂದರೆ ನಿಮ್ಮ ಊರಿನ ಜುಲೈ ನೆನಪಾಗುತ್ತದೆ, ಆದರೆ ಅಷ್ಟು ಜೋರಿಲ್ಲ. ರೂಡ್ ಬ್ರಿಜ್ ಪಾರ್ಕಿನಿಂದ ಶುರುಮಾಡಿ, ದಾರಿ ಸಮತಟ್ಟು. ಶೂ ಮಾತ್ರ ಇಲ್ಲೇ ಕೊಂಡು ನಾಲ್ಕು ವಾರ ಹಾಕಿ ಪಳಗಿಸಿಕೊಳ್ಳಿ. ಸೀ-ಜಿಯೊ ಹಾಕುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಸಂಜೆ ಏಳರ ಮೇಲೆ ಫೋನು ಮಾಡಿ, ಮನೆಯಲ್ಲೇ ಇರುತ್ತೇನೆ. ಅಕ್ಕನಿಗೆ ನಮಸ್ಕಾರ ತಿಳಿಸಿ.

ಇಂತು,
ನಿಮ್ಮ ಮೈಸೂರಿನ ಸ್ನೇಹಿತ